ಹಣ್ಣಾಗುವ ದಿನದ ಲೆಕ್ಕ

ಜೂನ್ 21, ಶನಿವಾರ. ಮಧ್ಯಾಹ್ನ 2

ಹನ್ನೊಂದರ ಸೊಪ್ಪು ಹಾಕಿ ಬಂದೆ. ಇನ್ನು ನಾಲ್ಕಕ್ಕೆ. ಆಮೇಲೆ ಒಂಬತ್ತಕ್ಕೆ. ಮತ್ತೆ ಬೆಳಿಗ್ಗೆ ಆರಕ್ಕೆ. ಮೊಟ್ಟೆ ಒಡೆಸಿ ಸಾಕಿ ಕೊಡುವ ಚಾಕಿ ಸೆಂಟರಿನಿಂದ ಇವತ್ತೇ ಮರಿ ಹುಳ ಬಂದಿವೆ. ನೂರು ಮೊಟ್ಟೆಯ ಹುಳ — ಒಂದು ಚಿಟ್ಟೆ ಇಟ್ಟಿದ್ದೆಲ್ಲ ಸೇರಿ ಒಂದು ಮೊಟ್ಟೆ, ಸುಮಾರು ನಾನೂರು ಹುಳ — ಅಂದರೆ ನಲವತ್ತು ಸಾವಿರ ಬಾಯಿ. ರೇಷ್ಮೆ ಹುಳಕ್ಕೆ ಭಾನುವಾರ ಇಲ್ಲ. ನನಗೂ ಇಲ್ಲ.

ಬೆರಳು ಮಡಚಿ ಎಣಿಸಿದೆ. ಹದಿನಾರು ದಿನಕ್ಕೆ ಹುಳ ಹಣ್ಣಾಗುತ್ತವೆ — ಮೈ ಹಳದಿಯಾಗಿ, ತಿನ್ನುವುದು ಬಿಟ್ಟು, ಗೂಡು ಕಟ್ಟಲು ತಲೆ ಎತ್ತುತ್ತವೆ. ಆ ದಿನ ಎಲ್ಲವನ್ನೂ ಕೈಯಲ್ಲಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಟ್ಟೆಯ ಕಸದಲ್ಲೇ ನೂಲು ಬಿಟ್ಟು ಹಾಳು. ಮನೆಯಲ್ಲಿ ಕೈ ಇರುವವರೆಲ್ಲ ಇರಲೇಬೇಕು. ಅದು ಜುಲೈ 7. ನನ್ನ ಗಣಿತ ಪರೀಕ್ಷೆ ಜುಲೈ 8, ಮಳವಳ್ಳಿಯಲ್ಲಿ, ಬೆಳಿಗ್ಗೆ ಹತ್ತಕ್ಕೆ. ಒಂದು ದಿನದ ಅಂತರದಲ್ಲಿ ಬಚಾವಾದೆ.

ಹನ್ನೊಂದು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದೇ ಹೋಗಿತ್ತು. ಎಂಟು ಮಾರ್ಕ್ಸಿಗೆ. ಸೆಪ್ಟೆಂಬರಿನಲ್ಲಿ ನಮ್ಮೂರ ಅಂಗನವಾಡಿ ಸಹಾಯಕಿ ದೇವೀರಮ್ಮ ರಿಟೈರ್ ಆಗುತ್ತಾರೆ. ಅವರ ಜಾಗಕ್ಕೆ ಬರುವವಳು ಈ ಊರಿನವಳೇ ಆಗಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಇನ್ನೊಬ್ಬಳು ಬಂದು ಕೂತಳೋ, ಮತ್ತೆ ಮೂವತ್ತು ವರ್ಷ ಆ ಕುರ್ಚಿ ಖಾಲಿ ಆಗಲ್ಲ. ಆಗ ನನಗೆ ಐವತ್ತೇಳು.


ಜೂನ್ 22, ಭಾನುವಾರ

ಎದುರುಮನೆ ಪುಷ್ಪಾ ಬಿ.ಎಡ್. ಮಾಡಿದವಳು, ನನ್ನ ಟೀಚರ್. ಹುಳ ಇರುವಷ್ಟು ದಿನ ಹೊರಗಿನವರು ನಮ್ಮ ಮನೆಗೆ ಕಾಲಿಡುವಂತಿಲ್ಲ. ಹಾಗಾಗಿ ಕಿಟಕಿ ಕಂಬಿಯ ಆಚೆ ನಿಂತು ಪಾಠ. ಜೈಲಿಗೆ ಬುತ್ತಿ ತಂದವಳ ಹಾಗೆ ಚೀಟಿ ತೂರಿಸುತ್ತಾಳೆ.

ಇವತ್ತಿನ ಚೀಟಿ: ಗಂಟೆಗೆ 54 ಕಿಲೋಮೀಟರ್ ವೇಗದ ರೈಲು ಸೆಕೆಂಡಿಗೆ ಎಷ್ಟು ಮೀಟರ್? ಸಾವಿರದಿಂದ ಗುಣಿಸು, ಮೂರು ಸಾವಿರದ ಆರುನೂರರಿಂದ ಭಾಗಿಸು. ಹದಿನೈದು. ಬಂತು!

ಆ ರೈಲು ಎಲ್ಲಿಗೆ ಹೋಗುತ್ತದೆ, ಒಳಗೆ ಯಾರಿದ್ದಾರೆ, ಪುಸ್ತಕದವನಿಗೆ ಬೇಕಿಲ್ಲ. ನಾನು ನನ್ನದೇ ಲೆಕ್ಕ ಮಾಡಿದೆ. ಅಡುಗೆಮನೆಯಿಂದ ಹುಳದ ಮನೆಗೆ 22 ಮೀಟರ್. ದಿನಕ್ಕೆ ಹದಿನಾಲ್ಕು ಸಲ ಹೋಗಿ ಬಂದರೆ 616 ಮೀಟರ್. ಹಣ್ಣಾಗುವ ದಿನವೂ ಸೇರಿ ಹದಿನೇಳು ದಿನಕ್ಕೆ ಹತ್ತು ಕಿಲೋಮೀಟರ್ ಚಿಲ್ಲರೆ. ಎರಡು ಬೆಳೆ ತೆಗೆಯುವಷ್ಟರಲ್ಲಿ ನಡೆದೇ ಮಳವಳ್ಳಿ ಸೇರಿರುತ್ತೇನೆ. ಹಿತ್ತಿಲು ಮಾತ್ರ ದಾಟಿರುವುದಿಲ್ಲ.


ಜೂನ್ 24, ಮಂಗಳವಾರ

ಹೊರಗಾದೆ. ಮುಟ್ಟಾದವಳು ಹುಳದ ಮನೆ ಹೊಸ್ತಿಲು ತುಳಿದರೆ ಹುಳಕ್ಕೆ ರೋಗ ಬರುತ್ತದೆ ಎನ್ನುವುದು ಈ ಮನೆಯ ನಂಬಿಕೆ. ಮೂರು ದಿನ ಅತ್ತ ಸುಳಿಯುವಂತಿಲ್ಲ. ಅತ್ತೆ ಜಯಲಕ್ಷ್ಮಮ್ಮನವರು ಮುಖ ಸಿಂಡರಿಸಿದರು. "ಸರಿಯಾದ್ ಟೈಮ್ಗೆ ಆದೆ ಬುಡು" ಅಂದರು.

ನನಗಂತೂ ಹಬ್ಬ. ಹೊಟ್ಟೆ ನೋವು ಹೊಟ್ಟೆ ನೋವಿನ ಪಾಡಿಗೆ. ಜಗುಲಿ ಮೇಲೆ ಚಾಪೆ, ಪುಸ್ತಕ, ನಾನು. ಮಗಳು ಚಂದನ ಪಕ್ಕದಲ್ಲಿ ಕೂತು ಸೊನ್ನೆಗಳಿಗೆಲ್ಲ ಕಣ್ಣು ಮೂಗು ಬರೆದಳು.


ಜೂನ್ 26, ಗುರುವಾರ

ಮೂರು ದಿನಕ್ಕೆ ಹತ್ತೊಂಬತ್ತು ಲೆಕ್ಕ. ನಾಳೆಯಿಂದ ಮತ್ತೆ ಒಳಗೆ.


ಜುಲೈ 1, ಮಂಗಳವಾರ. ಮಧ್ಯಾಹ್ನ

ಹುಳ ನಾಲ್ಕನೇ ಜ್ವರದಿಂದ ಎದ್ದಿವೆ. ಜ್ವರ ಅಂದರೆ ಕಾಯಿಲೆ ಅಲ್ಲ, ಪೊರೆ ಬಿಡಲು ಮಲಗುವುದು. ಎದ್ದ ಮೇಲೆ ಅವುಗಳ ಹಸಿವಿಗೆ ಲಗಾಮಿಲ್ಲ. ಸೊಪ್ಪು ಹೊತ್ತು ಹೊತ್ತು ಕುತ್ತಿಗೆ ಹಿಡಿದಿದೆ. ಪುಸ್ತಕ ಮುಟ್ಟಿ ನಾಲ್ಕು ದಿನ.

ಮೂರು ದಿನದಿಂದ ಜಡಿಮಳೆ. ಹುಳದ ಮನೆ ತಣ್ಣಗಾಗಿದೆ. ಅತ್ತೆ ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದರು. ಥರ್ಮಾಮೀಟರು, ಕ್ಯಾಲೆಂಡರು ಏನೂ ಬೇಡ ಅವರಿಗೆ.

"ಥಂಡಿಗೆ ಮೇವು ನಿಧಾನ ಆಗದೆ. ಬರೋ ಸೋಮಾರಕ್ಕಾಗಕಿಲ್ಲ. ಮಂಗ್ಳಾರವೇ ಹಣ್ಣಾಗದು."

ಮಂಗಳವಾರ, ಅಂದರೆ ಎಂಟು.

ಕೈಯಲ್ಲಿದ್ದ ಸೊಪ್ಪಿನ ಕಟ್ಟು ಹಾಗೇ ಹಿಡಿದು ನಿಂತೆ. "ಏನಮ್ಮ, ದೆವ್ವ ಕಂಡಂಗೆ ನಿಂತ್ಕಂಡೆ?" ಅಂದರು. ಏನಿಲ್ಲ ಅಂದೆ.


ಜುಲೈ 3, ಗುರುವಾರ

ಊಟಕ್ಕೆ ಬಡಿಸುತ್ತಾ ಇವರಿಗೆ ಹೇಳಿದೆ. ಎಂಟನೇ ತಾರೀಖು ಪರೀಕ್ಷೆಗೆ ಹೋಗಬೇಕು, ಕೂಲಿಗೆ ಒಬ್ಬರನ್ನು ಕರೆಯಿರಿ ಅಂತ.

"ಎಲ್ಲಿಂದ ಕರೀಲಿ? ಊರಲ್ಲಿ ಹನ್ನೊಂದು ಮನೆಗೆ ಒಂದೇ ದಿವ್ಸ ಚಾಕಿ ಬಂದದೆ. ಎಲ್ರ ಮನೇಲೂ ಅವತ್ತೇ ಹಣ್ಣು. ಯಾರ್ ಬತ್ತಾರೆ ಹೇಳಮ್ಮಿ?"

"ಪರೀಕ್ಷೆ ನನಗೋಸ್ಕರ ತಾರೀಖು ಬದಲಾಯಿಸಲ್ಲ."

"ಹುಳಾನೂ ಬದಲಾಯ್ಸಕಿಲ್ಲ. ಮುಂದಿನ್ ವರ್ಸ ಬರಿ. ಎಲ್ಲಿಗೋಯ್ತದೆ ಪರೀಕ್ಸೆ?"

ನನ್ನ ಗಂಡ ಕನಕರಾಜು ಕೆಟ್ಟ ಮನುಷ್ಯ ಅಲ್ಲ. ಒಂದು ದಿನಕ್ಕೂ ಕೈ ಎತ್ತಿಲ್ಲ. ಆದರೆ 'ಮುಂದಿನ ವರ್ಷ' ಅನ್ನುವ ಮಾತನ್ನು ಉಪ್ಪಿನಕಾಯಿ ಕೇಳಿದಷ್ಟು ಸಲೀಸಾಗಿ ಅನ್ನುತ್ತಾರೆ. ಸಿಟ್ಟು ನೆತ್ತಿಗೇರಿತು. ಸಾರಿನ ಪಾತ್ರೆ ಕುಕ್ಕಿ ಎದ್ದು ಬಂದೆ.


ಜುಲೈ 5, ಶನಿವಾರ. ಸಂಜೆ

ಸಿಟ್ಟಿನಿಂದ ಆಗದ್ದು ಲೆಕ್ಕದಿಂದ ಆಗಲಿ ಎಂದು ಕೂತೆ. ಹುಳ 40,000. ಹೋದ ಬೆಳೆಯಲ್ಲಿ ಫೋನಿನಲ್ಲಿ ಟೈಮ್ ಇಟ್ಟು ನೋಡಿದ್ದೆ — ನಾನು ನಿಮಿಷಕ್ಕೆ 40 ಆರಿಸುತ್ತೇನೆ. ಇಬ್ಬರಿದ್ದರೆ 80. ನಲವತ್ತು ಸಾವಿರವನ್ನು ಎಂಬತ್ತರಿಂದ ಭಾಗಿಸಿದರೆ ಐನೂರು ನಿಮಿಷ. ಗಂಟೆಗೆ ಬದಲಾಯಿಸಿದರೆ 8.33. ಎಂಟು ಗಂಟೆ ಮೂವತ್ತಮೂರು ನಿಮಿಷ ಅಂತ ಬರೆದು ಕಿಟಕಿಯಲ್ಲಿ ತೋರಿಸಿದೆ.

ಪುಷ್ಪಾ ಹಣೆ ಚಚ್ಚಿಕೊಂಡಳು. "ರಂಜಿತಕ್ಕಾ, ಗಂಟೆಗೆ ನೂರು ನಿಮಿಷ ಇದ್ದಾವಾ? ಪಾಯಿಂಟ್ ಮೂವತ್ತಮೂರು ಅಂದ್ರೆ ಗಂಟೇಲಿ ಮೂರನೇ ಒಂದು ಪಾಲು. ಇಪ್ಪತ್ತು ನಿಮಿಷ."

ಹನ್ನೊಂದು ವರ್ಷದ ಹಿಂದೆ ಫೇಲಾಗಿದ್ದು ಇಂಥ ಹದಿಮೂರು ನಿಮಿಷಗಳಿಂದಲೇ ಇರಬೇಕು.

ಎಂಟು ಗಂಟೆ ಇಪ್ಪತ್ತು ನಿಮಿಷ. ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಮೂರರೊಳಗೆ ನಾನಿಲ್ಲದೆ ಮುಗಿಯುತ್ತದೆ! ಓಡಿ ಹೋಗಿ ಇವರ ಮುಂದೆ ಹಾಳೆ ಹಿಡಿದೆ. ನೋಡಲೂ ಇಲ್ಲ. "ಇವು ಪುಸ್ತಕದ್ ಹುಳ ಅಲ್ಲ ಕಣಮ್ಮಿ."

ಅತ್ತೆ ಸೊಪ್ಪು ಕತ್ತರಿಸುತ್ತಿದ್ದವರು "ಏನದು, ಓದು" ಅಂದರು. ಅವರಿಗೆ ಓದು ಬರಹ ಬಾರದು. ಓದಿದೆ. ಕೇಳಿಸಿಕೊಂಡು ಕುಡುಗೋಲು ಕೆಳಗಿಟ್ಟರು.

"ಇಬ್ರು ಅಂದ್ರೆ ಯಾರ್ಯಾರು?"

"ನೀವು, ಇವರು."

"ಇವನೆಲ್ಲಿ ಒಬ್ಬ? ಅರ್ಧ ಜನ ಕಣಮ್ಮ ನಿನ್ ಗಂಡ. ಇಪ್ಪತ್ತು ಹುಳ ಆರ್ಸಿ ಬೀಡಿಗೆ ಎದ್ದೋಯ್ತಾನೆ. ನಾನು ನಿಮ್ಸಕ್ಕೆ ಅರವತ್ತು ಹಾಕ್ತೀನಿ."

ಇವರು ಮುಸಿಮುಸಿ ನಗುತ್ತಾ ಎದ್ದು ಹೋದರು. ನಾನು ಕೂಡಿಸಿದೆ. ಅರವತ್ತು, ಇಪ್ಪತ್ತು. ಎಂಬತ್ತೇ. ಉತ್ತರ ಸರಿಯಾಗಿದೆ. ಅದರಲ್ಲಿ ಮುಕ್ಕಾಲು ಪಾಲು ಒಬ್ಬರ ಬೆನ್ನಿನ ಮೇಲಿದೆ ಎನ್ನುವುದು ಮಾತ್ರ ಹಾಳೆಯಲ್ಲಿ ಕಾಣುವುದಿಲ್ಲ.

ಅತ್ತೆ ಹೋಗು ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಕುಡುಗೋಲು ತೆಗೆದುಕೊಂಡರು.


ಜುಲೈ 7, ಸೋಮವಾರ. ಬೆಳಿಗ್ಗೆ 6.30

ಸುಳ್ಳು ಹೇಳಿದೆ.

ಆರರ ಸೊಪ್ಪು ಹಾಕಲು ಅತ್ತೆ ಕರೆದರು. ಜಗುಲಿಯಲ್ಲೇ ನಿಂತು "ಹೊರಗಾಗಿದ್ದೀನಿ" ಅಂದೆ. ಬೇರೆ ದಾರಿ ಇರಲಿಲ್ಲ. ಈ ಮನೆಯಲ್ಲಿ ನನ್ನನ್ನು ಹುಳದ ಮನೆಯಿಂದ ಆಚೆ ಇಡಬಲ್ಲ ಮಾತು ಅದೊಂದೇ.

ಇವರು "ಥತ್" ಅಂದರು. ಅಷ್ಟೇ. ಗಂಡಸರಿಗೆ ಇದರ ತಾರೀಖು ಗೊತ್ತಿರುವುದಿಲ್ಲ. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು. ಸೊಪ್ಪಿನ ಕುಕ್ಕೆ ತಾವೇ ಹೊತ್ತರು.

ಹೋದ ಸಲ ಆಗಿದ್ದು ಜೂನ್ 24. ಇವತ್ತಿಗೆ ಹದಿಮೂರು ದಿನ. ಅವರಿಗೆ ಇಂಗ್ಲಿಷ್ ತಾರೀಖು ಬರುವುದಿಲ್ಲ ಎಂದು ಧೈರ್ಯ ಮಾಡಿದ್ದು... ಒಂದೂ ಲೆಕ್ಕ ತಲೆಗೆ ಹೋಗುತ್ತಿಲ್ಲ.


ಜುಲೈ 8, ಮಂಗಳವಾರ. ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ, ಆದರೂ ಬರೆಯಬೇಕು.

ಬೆಳಿಗ್ಗೆ ಐದಕ್ಕೆ ಅತ್ತೆ ಜಗುಲಿಗೆ ಬಂದು ಎಬ್ಬಿಸಿದರು. "ಹುಳ ಹಣ್ಣಾಗವೆ. ಒಳೀಕೆ ಬಾ."

"ನಾನು ಹೊರಗಿದ್ದೀನಲ್ಲ ಅತ್ತೆ."

"ಅಮಾಸೆ ಹಿಂದಿನ್ ದಿವ್ಸ ಆಗಿದ್ದೆ. ಇನ್ನೂ ಹುಣ್ಣಿಮೆ ಬಂದಿಲ್ಲ. ಅದೆಂಗಮ್ಮ ಮತ್ತೆ ಆದೆ?"

ನಾನು ಜೂನು ಜುಲೈ ಎಂದು ಎಣಿಸುತ್ತಿದ್ದೆ. ಅವರು ಚಂದ್ರನನ್ನು ಎಣಿಸುತ್ತಿದ್ದರು. ನೆಲ ನೋಡುತ್ತಾ ಕೂತೆ. ಎಲ್ಲ ಮುಗಿಯಿತು ಅನ್ನಿಸಿತು. ಅತ್ತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ನಿಂಗೆ ಹೇಳ್ಕೊಳಕ್ಕೆ ಈ ಸುಳ್ಳಾದ್ರೂ ಅದೆ. ನಂಗೆ ನಿಂತೋಗಿ ಹನ್ನೆರಡ್ ವರ್ಸ ಆಯ್ತು. ಆವತ್ತಿಂದ ಒಂದ್ ಬೆಳೇಲೂ ಒಂದಿನಾನೂ ಆ ಬಾಗ್ಲಿಂದ ಆಚೆ ಕೂತಿಲ್ಲ ಕಣಮ್ಮ. ನಿಂತಾಗ ಎಲ್ಲ ಹೆಂಗುಸ್ರೂ 'ಸದ್ಯ' ಅಂತಾರೆ. ನಾನು ಅತ್ತೆ."

ಆ 'ಅತ್ತೆ'ಗೆ ಗಂಡನ ತಾಯಿ ಎಂಬ ಅರ್ಥ ಇರಲಿಲ್ಲ. ಅತ್ತಿದ್ದರು.

"ಏಳ್ ಗಂಟೆ ಗಂಟ ಆರ್ಸು. ಆಮೇಕೆ ಹೋಗು. ಅವನ್ಗೆ ನಾನ್ ಹೇಳ್ತೀನಿ."

ಎರಡು ಗಂಟೆ ಆರಿಸಿದೆ. ನಿಮಿಷಕ್ಕೆ ನಲವತ್ತಲ್ಲ, ಐವತ್ತರ ಮೇಲೇ ಇರಬೇಕು. ಪಕ್ಕದೂರು ದೊಡ್ಡಿಯಲ್ಲಿ ಎಂಟೂ ಕಾಲಿನ ಬಸ್ಸು ಸಿಕ್ಕಿತು. ಬೆರಳಿಗೆಲ್ಲ ನೂಲು ಅಂಟಿದೆ. ಪೆನ್ನು ಜಾರುತ್ತಿಲ್ಲ, ಅದೊಂದು ಅನುಕೂಲ.


ಜುಲೈ 8. ಸಂಜೆ 6

ಬರೆದೆ. ಚೆನ್ನಾಗಿಯೇ ಬರೆದೆ.

ನಾಲ್ಕು ಮಾರ್ಕ್ಸಿನ ಪ್ರಶ್ನೆ: ಇಬ್ಬರು ಸೇರಿ ಒಂದು ಕೆಲಸವನ್ನು 6 ಗಂಟೆಯಲ್ಲಿ ಮುಗಿಸುತ್ತಾರೆ. ಒಬ್ಬನ ವೇಗ ಇನ್ನೊಬ್ಬನ ಮೂರರಷ್ಟು. ವೇಗದವನು ಒಬ್ಬನೇ ಮಾಡಿದರೆ ಎಷ್ಟು ಗಂಟೆ ಬೇಕು? ಓದಿದವಳೇ ನಕ್ಕುಬಿಟ್ಟೆ. ಸೂಪರ್‌ವೈಸರ್ ತಿರುಗಿ ನೋಡಿದರು. ಅರವತ್ತು, ಇಪ್ಪತ್ತು. ಅತ್ತೆ, ಇವರು. ಎಕ್ಸ್ ಅಂತ ಇಟ್ಟೆ, ಸಮೀಕರಣ ಬರೆದೆ. ಎಂಟು ಗಂಟೆ.

ಮನೆಯಲ್ಲಿ ಹನ್ನೆರಡೂವರೆಗೆ ಮುಗಿಯಬೇಕು ಎಂದು ಲೆಕ್ಕ ಹಾಕಿದ್ದೆ. ಮೂರೂವರೆಗೆ ಬಂದೆ. ಅತ್ತೆ ಇನ್ನೂ ಆರಿಸುತ್ತಿದ್ದರು. ಒಬ್ಬರೇ. ಒಂಬತ್ತಕ್ಕೆ ಯಾರದೋ ಟ್ರ್ಯಾಕ್ಟರು ನಾಲೆ ಏರಿಯಲ್ಲಿ ಹೂತುಕೊಂಡಿತಂತೆ, ಇವರು ಎಳೆಸಲು ಹೋದವರು ಬಂದಿಲ್ಲ. "ಅರ್ಧ ಜನಾನೂ ಹೋದ" ಅಂದರು. ಊಟ ಮಾಡಿರಲಿಲ್ಲ. ನಾಲ್ಕು ತಟ್ಟೆ ಹುಳ ಕಸದಲ್ಲೇ ನೂಲು ಬಿಟ್ಟಿದ್ದವು.

ಪಕ್ಕ ಕೂತು ಕಳ್ಳತನದಿಂದ ಎಣಿಸಿದೆ. ಅತ್ತೆಯ ಕೈ ನಿಮಿಷಕ್ಕೆ ಇಪ್ಪತ್ತೆರಡಕ್ಕೆ ಬಂದಿತ್ತು. ಪುಸ್ತಕದಲ್ಲಿ ಯಾರಿಗೂ ಸುಸ್ತಾಗುವುದಿಲ್ಲ. ಬೆಳಿಗ್ಗೆ ಅರವತ್ತಿದ್ದವರು ಸಂಜೆಯೂ ಅರವತ್ತೇ.

"ಲೆಕ್ಕ ಬಂತಾ?" ಅಂತ ಕೇಳಿದರು. ಬಂತು ಅಂದೆ. ಅವರ ಮುಖ ನೋಡಲಾಗಲಿಲ್ಲ.


ಜುಲೈ 27, ಭಾನುವಾರ

ಪಾಸು. ನಲವತ್ತಮೂರು. ಪುಷ್ಪಾ ಕಿಟಕಿಯ ಹತ್ತಿರ ಬರಲಿಲ್ಲ, ಬಾಗಿಲಿಂದಲೇ ಓಡಿ ಬಂದಳು — ಈಗ ಹುಳ ಇಲ್ಲವಲ್ಲ. ಇವರು ದೊಡ್ಡಿಯಿಂದ ಮೈಸೂರ್‌ಪಾಕ್ ತಂದರು. "ನಾ ಹೇಳ್ಲಿಲ್ವಾ, ಪಾಸಾಯ್ತೀಯ ಅಂತ" ಅಂದರು. ಯಾವಾಗ ಹೇಳಿದ್ದರೋ ಆ ದೇವರಿಗೇ ಗೊತ್ತು. ಕುಣಿಯುವಷ್ಟು ಖುಷಿ. ಕುಣಿದೆ ಕೂಡ, ಚಂದನಳ ಕೈ ಹಿಡಿದು, ಖಾಲಿ ಹುಳದ ಮನೆಯಲ್ಲಿ.


ಆಗಸ್ಟ್ 9, ಶನಿವಾರ. ಮಧ್ಯಾಹ್ನ 2

ಹನ್ನೊಂದರ ಸೊಪ್ಪು ಹಾಕಿ ಬಂದೆ. ಹೊಸ ಚಾಕಿ ಮೊನ್ನೆ ಬಂತು. ಈ ಸಲ ನೂರೈವತ್ತು ಮೊಟ್ಟೆ.

ಅಂಗನವಾಡಿ ಅರ್ಜಿ ತುಂಬಿದ್ದೇನೆ, ಸೋಮವಾರ ಕೊಡಬೇಕು. ಸಹಿ ಹಾಕುವ ಮುಂಚೆ ಅತ್ತೆಯನ್ನು ಕೇಳಿದೆ. ಕೆಲಸ ಸಿಕ್ಕರೆ ದಿನಾ ಹತ್ತರಿಂದ ನಾಲ್ಕು ಅಲ್ಲಿರಬೇಕು, ಹನ್ನೊಂದರ ಸೊಪ್ಪು ಯಾರು ಹಾಕುತ್ತಾರೆ ಅಂತ.

"ನಾನಿಲ್ವಾ?"

"ಹಣ್ಣಾದ ದಿನ?"

"ಆವಾಗ್ಲೂ ನಾನೇ. ಅವನು ಕಬ್ಬಿನ್ ಲೋಡ್ಗೆ ಹೋಯ್ತಾನೆ, ಫ್ಯಾಕ್ಟ್ರಿ ಶುರುವಾಗದೆ. ನೀನು ಹಾಕು ಅರ್ಜಿಯ. ಇಬ್ರೂ ಯಾಕ್ ಒಳಗಿರ್ಬೇಕು?"

ಹಾಗೆಂದು ಕುಕ್ಕೆ ಹೊತ್ತುಕೊಂಡು ಹೋದರು. ಇಪ್ಪತ್ತೆರಡು ಮೀಟರ್. ನಡುವೆ ಒಂದು ಸಲ ನಿಂತು, ಸೊಂಟಕ್ಕೆ ಕೈ ಕೊಟ್ಟು, ಮತ್ತೆ ಹೊರಟರು. ಮೊದಲು ನಿಲ್ಲುತ್ತಿರಲಿಲ್ಲ.

ನಾಚಿಕೆಯಾಗುತ್ತಿದೆ. ಆದರೂ ಸಹಿ ಹಾಕಿದೆ. ಹಾಕದಿದ್ದರೆ ಮೂವತ್ತು ವರ್ಷಕ್ಕೆ ನಾನೇ ಅತ್ತೆ.

ಹಳೆಯ ನೋಟ್ ಬುಕ್ ತೆಗೆದು ಕೂತಿದ್ದೇನೆ. ಹುಳ 60,000. ಆರಿಸುವವರು ಒಬ್ಬರು. ವಯಸ್ಸು ಅರವತ್ತೆರಡು. ಮೊದಲ ಗಂಟೆಯಲ್ಲಿ ನಿಮಿಷಕ್ಕೆ 60, ಹನ್ನೊಂದನೆಯ ಗಂಟೆಯಲ್ಲಿ 22, ಆಮೇಲೆ ಗೊತ್ತಿಲ್ಲ. ಬೇಕಾಗುವ ಗಂಟೆಗಳು ಎಕ್ಸ್ ಆಗಿರಲಿ.

ಎಕ್ಸ್ =