ತವರಿಗೆ ಬಂದ ಕೂಸಿನ ಲೆಕ್ಕ

ನನ್ನ ಅಕ್ಕಾ,

ಮಗಳು ರೇಖಾ ಹೆರಿಗೆಗೆಂದು ತವರಿಗೆ ಬಂದ ವರ್ಷ ನೆನಪಿದೆಯಾ? ನನ್ನ ಮೊಮ್ಮಗನಿಗೆ ಲಸಿಕೆಯ ಮೊದಲ ಸೂಜಿ ಹಾಕಿದವಳು ನೀನೇ. ಊರ ನರ್ಸಬಾಯಿ ನನ್ನ ಸ್ವಂತ ಅಕ್ಕ ಎಂದು ಜೊತೆಗೆ ಬೀಡಿ ಕಟ್ಟುವವರ ಮುಂದೆ ಬೀಗಿದ್ದೆ. ತಿಂಗಳ ಕೊನೆಗೆ ನೋಡಿದರೆ, ನೀನು ಅವನನ್ನು ನಮ್ಮೂರಿನ ಸೂಜಿ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವನು ಕರೋಶಿಯ ಕೂಸು, ಅಪ್ಪನ ಊರಿನವರು ಎಣಿಸುತ್ತಾರೆ ಅಂದೆ. ನಾನು ಮುಖ ಊದಿಸಿಕೊಂಡೆ. ಆಗ ನೀನು ಹೇಳಿದ ಮಾತು...

"ಶಾಂತಾ, ಮಗ್ಗದ ಓಣ್ಯಾಗ ಒಂದು ಕೂಸು ಸೂಜಿ ಇಲ್ದ ಉಳದೈತಿ. ಅದರ ಜಾಗಾದಾಗ ನಿನ್ನ ಮೊಮ್ಮಗನ್ನ ಎಣಿಸಿದ್ರ ನೂರಕ್ಕ ನೂರು ಆಕ್ಕೈತಿ. ಆದ್ರ ಆ ಕೂಸಿಗೆ ದಡಾರ ಬರೂದು ನಿಂತೀತೇನ?"

ಆ ಸಲ ನಿಪ್ಪಾಣಿಯಲ್ಲಿ ನಡೆದ ನರ್ಸಬಾಯಿಯರ ಮೀಟಿಂಗಿನಲ್ಲಿ ನಮ್ಮೂರೇ ಎಲ್ಲಕ್ಕಿಂತ ಕೆಳಗಿತ್ತು. ಕೆಲವು ಊರುಗಳು ನೂರನ್ನೂ ದಾಟಿದ್ದವಂತೆ. ಇರುವ ಮಕ್ಕಳಿಗಿಂತ ಸೂಜಿ ಹಾಕಿಸಿಕೊಂಡವರೇ ಹೆಚ್ಚು! ನಿನ್ನನ್ನು ಎಬ್ಬಿಸಿ ನಿಲ್ಲಿಸಿ, ನಿಮ್ಮೂರಿನದೇಕೆ ಕಡಿಮೆ ಎಂದು ಕೇಳಿದರು. "ಸಾಹೇಬ್ರ, ಆ ನೂರರ ಮ್ಯಾಲಿನ ಕೂಸುಗಳ್ನ ನನಗೂ ತೋರಸ್ರಿ, ಒಂದೀಟು ಎತ್ತಿ ಆಡಸ್ತೀನಿ" ಅಂದೆಯಂತೆ. ಎಲ್ಲರೂ ನಕ್ಕರು, ಸಾಹೇಬರೊಬ್ಬರನ್ನು ಬಿಟ್ಟು. ನೋಟಿಸು ಬಂದೀತೆಂದು ನಾನು ತುತ್ತು ಎತ್ತದೆ ಕೂತಿದ್ದೆ. ನೀನೋ, ಅನ್ನಕ್ಕೆ ಮಜ್ಜಿಗೆ ಸುರುವಿಕೊಳ್ಳುತ್ತಿದ್ದೆ.

ಮರುದಿನವೇ ನೀನು ಮಗ್ಗದ ಓಣಿಗೆ ಹೋದೆ. ಸೂಜಿ ಇಲ್ಲದೆ ಉಳಿದ ಆ ಕೂಸಿನ ತಾಯಿ ದುಡಿಮೆಗೆಂದು ಬೇರೆ ಕಡೆಯಿಂದ ಬಂದವಳು. ಸೂಜಿ ಹಾಕಿಸಿದರೆ ಜ್ವರ, ಜ್ವರ ಬಂದರೆ ಕೆಲಸ ತಪ್ಪುತ್ತದೆ ಎಂಬುದು ಅವಳ ಹೆದರಿಕೆ. ಮಗ್ಗಗಳ ಸದ್ದಿನಲ್ಲಿ ಅರ್ಧ ಮರಾಠಿ, ಅರ್ಧ ಹಿಂದಿಯಲ್ಲಿ ನೀನು ಅದೇನು ಹೇಳಿದೆಯೋ. ಸೂಜಿಯಾಯಿತು, ಜ್ವರವೂ ಬಂತು. ತಾಯಿಯ ಕೆಲಸ ತಪ್ಪದಿರಲೆಂದು ನೀನು ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿದೆ. ನಾನು ಬೀಡಿ ಮೊರ ಬದಿಗಿಟ್ಟು ಸಂಜೆಯವರೆಗೆ ಹಿಡಿದುಕೊಂಡಿದ್ದೆ. ಆ ಬೆಚ್ಚನೆಯ ತಲೆ ಇನ್ನೂ ನನ್ನ ತೋಳಿನ ಮೇಲೇ ಇದ್ದ ಹಾಗೆ...

ನೀನು ನಮ್ಮನ್ನೆಲ್ಲ ಬಿಟ್ಟು ಹೋದ ಮೇಲೆ ಬಂದ ನರ್ಸಬಾಯಿ ರಾಯಬಾಗದ ಕಡೆಯವಳು. ನಿನ್ನ ಬಗ್ಗೆ ಕೇಳಿಕೊಂಡು ಮನೆಗೆ ಬಂದಳು. ನೂರು ತೋರಿಸು ಎಂದು ಅವಳ ಮೇಲೂ ಒತ್ತಾಯವಿತ್ತು. ಚಹಾ ಕೊಟ್ಟು ರೇಖಾಳ ಕೂಸಿನ ಕಥೆ ಹೇಳಿದೆ. ಅರ್ಧ ಚಹಾ ಬಿಟ್ಟು ಎದ್ದುಹೋದಳು. ನಾನು ಹೇಳಿದ್ದು ಹೆಚ್ಚಾಯಿತೇನೋ ಅಂದುಕೊಂಡೆ.

ನಿನ್ನೆ ಮೀಟಿಂಗ್ ಮುಗಿಸಿ, ನಿಪ್ಪಾಣಿ ಬಸ್ಸಿಳಿದು ನೇರ ನಮ್ಮ ಬಾಗಿಲಿಗೆ ಬಂದಳು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಮಾವಶಿ, ಈ ಸಲಾನೂ ನಮ್ಮೂರ ಎಲ್ಲಾರ್ಕಿಂತ ಕೆಳಗ ಐತ್ರಿ."

ಅವಳ ಬಾಯಿಗೆ ಸಕ್ಕರೆ ಹಾಕಿದೆ, ಅಕ್ಕಾ. ಉಳಿದ ಮಕ್ಕಳಿಗಾಗಿ ನಾಳೆ ಮಗ್ಗದ ಓಣಿಗೆ ಹೋಗುತ್ತಾಳಂತೆ. ಜ್ವರ ಬಂದ ಕೂಸುಗಳನ್ನು ನನ್ನ ಹತ್ತಿರ ತಾ ಎಂದು ಹೇಳಿ ಕಳಿಸಿದ್ದೇನೆ.

ನಿನ್ನ ಶಾಂತಾ