ಪಪ್ಪಾಯಿ ಮರದ ಚುಕ್ಕೆ ಹಕ್ಕಿ

21-4-2026, ಮಂಗಳವಾರ

ಇವತ್ತು ಮರ್ಯಾದೆ ಹೋಯ್ತು, ಅದೂ ನನ್ನ ಬಾಯಿಂದಲೇ. ರಜಕ್ಕೆ ಕಿಕ್ಕೇರಿಯಿಂದ ಬಂದಿರೋ ತಂಗಿ ಮಗಳು ರಂಜಿತಂಗೆ ಹಕ್ಕಿ ಗುರುತಿಸೋ ಹುಚ್ಚು. ಪುಸ್ತಕ ಯಾಕವ್ವ, ಈ ಹಿತ್ತಲಿಗೆ ಬರೋ ಹಕ್ಕಿಯೆಲ್ಲ ನಂಗೊತ್ತು ಅಂತ ವಾರದಿಂದ ಕೊಚ್ಚಿಕೊಂಡಿದ್ದೆ. ಬೆಳಿಗ್ಗೆ ಪಪ್ಪಾಯಿ ಮರದಲ್ಲಿ ಮೈಯೆಲ್ಲ ಚುಕ್ಕೆ ಇರೋ ಕಂದು ಹಕ್ಕಿ ಕೂತಿತ್ತು. "ಗಿಡುಗ ಕಣವ್ವ, ಕೋಳಿಮರಿಗೆ ಬಂದೈತೆ" ಅಂದವನೇ ಕಲ್ಲು ಬೀಸಿದೆ. ರೆಕ್ಕೆ ಜೋತುಬಿತ್ತು.

ಅವಳು ಪುಸ್ತಕ ತೆಗೆದು ತೋರಿಸಿದಳು. ಹೆಣ್ಣು ಕೋಗಿಲೆ. ಕೋಗಿಲೆ ಅಂದ್ರೆ ಕರಿ ಹಕ್ಕಿ ಅಂತಲೇ ಇಷ್ಟು ವರ್ಷ ತಿಳಿದಿದ್ದೆ. ಆದರೂ ಬಾಯಿ ಸುಮ್ಮನಿರಲಿಲ್ಲ. "ನಂಗೊತ್ತಿತ್ತು, ನಿನ್ನ ಪರೀಕ್ಷೆ ಮಾಡ್ದೆ ಅಷ್ಟೆ" ಅಂದೆ.

"ಗೊತ್ತಿದ್ದೂ ಹೊಡದ್ರಾ ಮಾವ?"

ಹಕ್ಕಿ ಕೋಳಿ ಮುಚ್ಚೋ ಮಂಕರಿ ಕೆಳಗೆ ಐತೆ, ನೀರು ಮುಟ್ಟಿಲ್ಲ. ನಂಗೆ ಗೊತ್ತಿರಲಿಲ್ಲ ಅಂತ ಅವಳಿಗೆ ಹೇಳಬೇಕು. ನಾಳೆ ಬೆಳಿಗ್ಗೆ ಹಕ್ಕಿ ಬದುಕಿದ್ದರೆ ಹೇಳೋದು ಸುಲಭ. ಇಲ್ಲದಿದ್ದರೆ ಹೆಂಗೆ ಹೇಳೋದೋ ನಂಗೊತ್ತಿಲ್ಲ.