ಗುಳ್ಳೆ ಬಿಡದ ಟ್ರೌಟ್

ನದಿ ಕಾವಲಿನ ಮನೆ, ಹ್ಯಾಂಪ್‌ಶೈರ್
೧೮ ಜೂನ್ ೧೯೩೧

ಪ್ರೀತಿಯ ಅಪ್ಪಾ,

ಕೆಮ್ಮು ಹೇಗಿದೆ? ಆಸ್ಪತ್ರೆಯಲ್ಲಿ ರಾತ್ರಿಯ ಚಳಿಯಲ್ಲೂ ಕಿಟಕಿ ತೆರೆದೇ ಮಲಗಿಸುತ್ತಾರೆಂದು ನೀನು ಬರೆದಿದ್ದೆ. ಅದನ್ನು ಓದಿ ಅಮ್ಮ, ಆ ಆಸ್ಪತ್ರೆಯವರಿಗೆ ಎದೆರೋಗ ಎಂದರೇನೆಂದು ಗೊತ್ತೋ ಇಲ್ಲವೋ ಎಂದು ಎರಡು ದಿನ ಗೊಣಗಿದಳು. ಉಣ್ಣೆಯ ಕಾಲುಚೀಲ ಕಳಿಸಿದ್ದಾಳೆ. ಹಾಲು, ಮೊಟ್ಟೆ ಬಿಡಬೇಡ. ನಾವು ಚೆನ್ನಾಗಿದ್ದೇವೆ.

ನದಿಯಿಂದ ಹಿಂಡುಹಿಂಡಾಗಿ ಏಳುವ ಮೇ ನೊಣಗಳ ಕಾಲ ಮುಗಿಯಿತು. ಹೊಟ್ಟೆ ಬಿರಿಯುವಷ್ಟು ತಿಂದ ಟ್ರೌಟ್ ಮೀನುಗಳು ಈಗ ಏನು ಕೊಟ್ಟರೂ ಮೂತಿ ತಿರುಗಿಸುತ್ತವೆ. ನೀನು ಬರುವವರೆಗೆ ಮೀನು ಹಿಡಿಯಲು ಬರುವ ಸದಸ್ಯರಿಗೆ ಗರಿ, ರೇಷ್ಮೆಯಿಂದ ಗಾಳದ ಹುಸಿ ನೊಣ ಕಟ್ಟಿ ಆರಿಸಿಕೊಡುವ ಕೆಲಸವನ್ನು ಕ್ಲಬ್ಬಿನವರು ನನಗೆ ಬಿಟ್ಟಿದ್ದಾರಲ್ಲ, ನಾನು ಎಡವಿದರೆ ನಿನ್ನ ಕಾವಲಿನ ಕೆಲಸವೂ ಈ ಮನೆಯೂ ಬೇರೆಯವರ ಪಾಲಾಗುತ್ತದೆಂಬ ಹೆದರಿಕೆಯಲ್ಲೇ ದಿನಾ ದಡಕ್ಕೆ ಹೋಗುತ್ತೇನೆ. ಕಿರಿಯ ಕಾವಲುಗಾರ ಎನಾಕ್ ನಾನು ಗರಿಗೆ ರೇಷ್ಮೆ ಸುತ್ತುವುದನ್ನು ನೋಡಿ, “ನಿಮ್ಮಪ್ಪ ಕಟ್ತಿದ್ದದ್ದು ನೊಣ ಕಣೇ ಡಾರ್ಕಸ್. ನೀನ್ ಕಟ್ಟಿರೋದು ಗುಬ್ಬಚ್ಚಿ. ಹುಷಾರು, ಹಾರ್ಹೋದೀತು,” ಎಂದ. ನಗಬೇಕೆಂದುಕೊಂಡೆ, ಆಗಲಿಲ್ಲ.

ಹೋದ ಶನಿವಾರ ಕ್ಲಬ್ಬಿನ ಹಿರಿಯ ಸದಸ್ಯರಾದ ನಮ್ಮ ಹ್ಯಾವಿಲ್ಯಾಂಡ್ ಯಜಮಾನರು ಬಂದಿದ್ದರು. ಕಣ್ಣು ಇನ್ನಷ್ಟು ಮಂಜಾಗಿದೆ, ಗಾಳ ಹಿಡಿಯುವುದು ಈ ವರ್ಷವೇ ಕೊನೆ ಎಂದರು. ನೀರಿಗೆ ಬಾಗಿದ ಮರದ ಕೆಳಗೆ ದೊಡ್ಡದೊಂದು ಮೀನು ಮತ್ತೆ ಮತ್ತೆ ಮೇಲೆ ಬರುತ್ತಿತ್ತು. ಆಲಿವ್ ಎಂಬ ಸಣ್ಣ ನೊಣಗಳು ತೇಲಿ ಬರುತ್ತಿದ್ದವು, ಹಾಗಾಗಿ ಅವನ್ನು ಹೋಲುವ ಬೂದು ರೆಕ್ಕೆಯದನ್ನು ಯಜಮಾನರಿಗೆ ಕೊಟ್ಟೆ. ಮೀನು ಮುಟ್ಟಲಿಲ್ಲ. ಅದರಲ್ಲೇ ಒಂದು ಅಳತೆ ಚಿಕ್ಕದು ಕೊಟ್ಟೆ. ಆಮೇಲೆ, ಮೋಡ ಕವಿದಾಗ ನೀನು ಕೊಡುತ್ತಿದ್ದೆಯಲ್ಲ, ಆ ಕಡುನೀಲಿಯ ಪುಟಾಣಿ. ಅದನ್ನೂ ಮುಟ್ಟಲಿಲ್ಲ. ಆಗ ನೀನು ಕಲಿಸಿದಂತೆ ಸುಮ್ಮನೆ ಕುಳಿತು ಮೀನು ಮೇಲೆ ಬಂದಾಗ ಏಳುವ ನೀರಿನ ಉಂಗುರಗಳನ್ನು ನೋಡಿದೆ. ಒಂದರಲ್ಲೂ ಗುಳ್ಳೆ ಇರಲಿಲ್ಲ. ಮೇಲೆ ತೇಲುವ ನೊಣ ನುಂಗುವ ಮೀನು ಜೊತೆಗೆ ಗಾಳಿ ನುಂಗಿ ಗುಳ್ಳೆ ಬಿಡುತ್ತದೆ. ಇದು ನೊಣವಾಗಲು ಮೇಲೇರುವ ಮರಿಹುಳುಗಳನ್ನು ನೀರೊಳಗೇ ಹಿಡಿಯುತ್ತಿತ್ತು. ತೇಲುವ ಯಾವ ನೊಣವೂ ಇದಕ್ಕೆ ಬೇಡ. ನಮ್ಮ ನೀರಿನಲ್ಲೋ ಕ್ಲಬ್ಬಿನ ನಿಯಮದಂತೆ ಮುಳುಗುವ ನೊಣ ಹಾಕುವಂತೆಯೇ ಇಲ್ಲ. ಈ ಮೀನು ಇವತ್ತು ನಮ್ಮದಲ್ಲ ಎಂದು ಹೇಳಿ ಅವರನ್ನು ವಾಪಸು ಕರೆತರಬೇಕಿತ್ತು. ನೀನು ಎಷ್ಟೋ ಜನರಿಗೆ ಹಾಗೆ ಹೇಳಿದ್ದೀಯ.

ನಾನು ಹೇಳಲಿಲ್ಲ. ತೇಲಲು ಎಣ್ಣೆ ಹಚ್ಚಿಕೊಡುವವಳಂತೆ ಬೆನ್ನು ತಿರುಗಿಸಿ, ಇದ್ದ ಎಣ್ಣೆಯನ್ನೂ ಹಿಂಡಿ ತೆಗೆದು, ಎಂಜಲು ಸವರಿ, ನೊಣವನ್ನು ದಡದ ಕೆಸರಿನಲ್ಲಿ ಹೊರಳಿಸಿದೆ. ಯಜಮಾನರು ಎಸೆದಾಗ ಅದು ಬಿದ್ದಲ್ಲೇ ಮುಳುಗಿತು. ಮೊದಲ ಎಸೆತಕ್ಕೇ ಮೀನು ಹಿಡಿಯಿತು.

ಮೂರೂವರೆ ಪೌಂಡ್ ತೂಗಿತು. ಯಜಮಾನರು ಕ್ಲಬ್ಬಿನ ಮರದ ಮನೆಯಲ್ಲಿ ಎಲ್ಲರ ಮುಂದೆ, ಇದು ಪ್ರಾಗ್ನೆಲ್‌ನ ಮಗಳು ಆರಿಸಿದ ನೊಣ ಎಂದರು. ಸದಸ್ಯರು ಅದಕ್ಕೆ ‘ಪ್ರಾಗ್ನೆಲ್’ ಎಂದು ನಿನ್ನ ಹೆಸರೇ ಇಟ್ಟು ಗೋಡೆಗೆ ಚುಚ್ಚಿದರು. ಎನಾಕ್ ಕೂಡ ಟೋಪಿ ತೆಗೆದ. ಕೊಟ್ಟ ಚಹಾವನ್ನು ಹಾಗೇ ಬಿಟ್ಟು ನಾನು ಮನೆಗೆ ಬಂದೆ. ಅಂದಿನಿಂದ ಮೂವರು ಅಂಥದ್ದನ್ನೇ ಕಟ್ಟಿಸಿಕೊಂಡು, ಚೆನ್ನಾಗಿ ಎಣ್ಣೆ ಹಚ್ಚಿ ತೇಲಿಸಿ, ಬರಿಗೈಯಲ್ಲಿ ಬಂದರು. ತಪ್ಪು ತಮ್ಮ ಕೈಯದೇ ಎಂದು ನನ್ನ ಹತ್ತಿರ ಕ್ಷಮೆ ಕೇಳಿದರು. ಅಪ್ಪಾ, ನಾನು ಪರವಾಗಿಲ್ಲ ಎಂದೆ.

ನಿನ್ನೆ ಯಜಮಾನರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ನಂಗೆ ಗೊತ್ತಿತ್ತು ಮಗೂ. ಕಣ್ಣಿಗೆ ಕಾಣದಿದ್ರೂ ಕೈಗೆ ಗೊತ್ತಾಗುತ್ತೆ, ದಾರ ಕೆಳಗಿಂದ ಎಳೀತು. ನಿಮ್ಮಪ್ಪನ ಮನೆ ಉಳೀಲಿ, ಸುಮ್ನಿರು,” ಎಂದರು. ಅಷ್ಟು ದೊಡ್ಡ ಮನುಷ್ಯರನ್ನೂ ನನ್ನ ಸುಳ್ಳಿನೊಳಗೆ ಎಳೆದುಕೊಂಡೆನಲ್ಲ ಎಂದು ದಾರಿಯುದ್ದಕ್ಕೂ ತಲೆ ಎತ್ತಲಾಗಲಿಲ್ಲ.

ಬೆಚ್ಚಗೆ ಹೊದ್ದುಕೋ. ಪಕ್ಕದ ಹಾಸಿಗೆಯ ಅಜ್ಜನಿಗೂ ನಮ್ಮೆಲ್ಲರ ನಮಸ್ಕಾರ ತಿಳಿಸು.

ನಿನ್ನ ಮಗಳು,
ಡಾರ್ಕಸ್

ವಿ. ಸೂ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಇವತ್ತು ಬೆಳಿಗ್ಗೆ ಕ್ಲಬ್ಬಿನ ಕಾರ್ಯದರ್ಶಿಗಳಿಗೆ ಎಲ್ಲ ಹೇಳಿಬಿಟ್ಟೆ, ಯಜಮಾನರಿಗೆ ಗೊತ್ತಿತ್ತು ಎಂಬುದೊಂದನ್ನು ಬಿಟ್ಟು. ನಿನ್ನ ಕೆಲಸ ಎನಾಕ್‌ಗೆ ಹೋಯಿತು. ಸೆಪ್ಟೆಂಬರ್ ಕೊನೆಗೆ ಮನೆ ಬಿಡಬೇಕು. ಅಮ್ಮನಿಗೆ ಇನ್ನೂ ಹೇಳಿಲ್ಲ, ಮೊದಲು ನಿನಗೇ. ಎಷ್ಟು ಬೇಕಾದರೂ ಬೈದು ಬರೆ ಅಪ್ಪಾ, ಬರೆಯದೆ ಮಾತ್ರ ಇರಬೇಡ.